ಕೊಡಿಯಾಲ್‌ಬೈಲ್‌ನ ದೃಶ್ಯ ಇತಿಹಾಸ

ಕೊಡಿಯಾಲ್‌ಬೈಲ್ ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ನಗರದ ಹಳೆಯ ಬಡಾವಣೆಗಳಲ್ಲಿ ಒಂದು. ಈ ಬಡಾವಣೆ ಮತ್ತು ಅದಕ್ಕೆ ಹೊಂದಿಕೊಂಡಿರುವ ಪ್ರದೇಶಗಳ ಗತಕಾಲವನ್ನು ಹಳೆಯ ಛಾಯಾಚಿತ್ರಗಳು, ಚಿತ್ರ ಪೋಸ್ಟ್‌ಕಾರ್ಡ್‌ಗಳು ಹಾಗೂ ಇಂದಿಗೂ ಉಳಿದಿರುವ ಐತಿಹಾಸಿಕ ಕಟ್ಟಡಗಳ ಮೂಲಕ ತಿಳಿಯುವ ಅಧ್ಯಯನವನ್ನು ಇಲ್ಲಿ ಕೊಡಿಯಾಲ್‌ಬೈಲ್‌ನ ದೃಶ್ಯ ಇತಿಹಾಸ ಎಂದು ಕರೆಯಲಾಗಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಹಾಗೂ ಸಮೀಪದ ಗುಡ್ಡಗಳ ಮೇಲೆ ಕಾಲೇಜು, ಮುದ್ರಣಾಲಯ ಮತ್ತು ಧಾರ್ಮಿಕ ಸಂಸ್ಥೆಗಳು ಸ್ಥಾಪನೆಯಾದವು. ಅದೇ ಕಾಲದಲ್ಲಿ ಛಾಯಾಗ್ರಹಣವೂ ಕರಾವಳಿಗೆ ಬಂದುದರಿಂದ, ಒಂದು ಕೃಷಿಭೂಮಿಯು ನಗರವಾಗಿ ಮಾರ್ಪಟ್ಟ ಬಗೆಯನ್ನು ಚಿತ್ರಗಳ ನೆರವಿನಿಂದ ಗುರುತಿಸಲು ಸಾಧ್ಯವಾಗಿದೆ.

ಹಳೆಯ ಚಿತ್ರವೊಂದು ತನ್ನಷ್ಟಕ್ಕೆ ತಾನೇ ಪೂರ್ಣ ಸಾಕ್ಷ್ಯವಾಗುವುದಿಲ್ಲ. ಅದರ ಕಾಲ, ಸ್ಥಳ ಮತ್ತು ತೆಗೆದವರ ಉದ್ದೇಶವನ್ನು ಕಟ್ಟಡ, ಮುದ್ರಿತ ದಾಖಲೆ ಹಾಗೂ ಸ್ಥಳನಾಮಗಳೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ. ಹೆಂಚಿನ ಹಳೆಯ ಮನೆಗಳು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಡುತ್ತಿರುವ ಇಂದಿನ ಸಂದರ್ಭದಲ್ಲಿ, ಹೋಲಿಸಿ ನೋಡಲು ಬೇಕಾದ ಕಟ್ಟಡಗಳೇ ಕಡಿಮೆಯಾಗುತ್ತಿರುವುದು ಈ ಅಧ್ಯಯನದ ಮುಖ್ಯ ಸಮಸ್ಯೆಯಾಗಿದೆ.

## ಹೆಸರು ಮತ್ತು ಭೂಸ್ವರೂಪ

ಮಂಗಳೂರಿಗೆ ಅಲ್ಲಿನ ಭಾಷೆಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ ಎಂಬ ಹೆಸರುಗಳು ಬಳಕೆಯಲ್ಲಿವೆ. ಕೊಡಿಯಾಲ್‌ಬೈಲ್ ಎಂಬ ಹೆಸರಿನ ಮೊದಲ ಭಾಗ ಕೊಂಕಣಿ ಹೆಸರೇ ಆಗಿದೆ. ‘ಬೈಲು’ ಎಂದರೆ ಗುಡ್ಡಗಳ ನಡುವಿನ ತಗ್ಗಿನ ಗದ್ದೆ.

ದಕ್ಷಿಣ ಕನ್ನಡದ ಬೇಸಾಯದಲ್ಲಿ ಭತ್ತದ ಗದ್ದೆಗಳನ್ನು ನೀರಿನ ಲಭ್ಯತೆಗೆ ಅನುಗುಣವಾಗಿ ಬೈಲು, ಮಜಲು ಮತ್ತು ಬೆಟ್ಟು ಎಂದು ಮೂರಾಗಿ ವಿಂಗಡಿಸಲಾಗುತ್ತಿತ್ತು. ತಗ್ಗಿನಲ್ಲಿದ್ದು ಸದಾ ತೇವವಿರುವ ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ ಮತ್ತು ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯಲು ಸಾಧ್ಯವಿತ್ತು. ಮಜಲಿನಲ್ಲಿ ಸಾಮಾನ್ಯವಾಗಿ ಎರಡು ಬೆಳೆ, ಮಳೆಯನ್ನೇ ನಂಬಿದ ಬೆಟ್ಟು ಗದ್ದೆಯಲ್ಲಿ ಒಂದು ಬೆಳೆ ಬರುತ್ತಿತ್ತು. ಹೀಗಾಗಿ ಇಂದು ವಾಣಿಜ್ಯ ಕಟ್ಟಡಗಳಿಂದ ತುಂಬಿರುವ ಈ ಪ್ರದೇಶದ ಹೆಸರೇ ಅದರ ಹಿಂದಿನ ಭೂಬಳಕೆಯ ದಾಖಲೆಯಾಗಿದೆ. ಸಮೀಪದ ಲೈಟ್‌ಹೌಸ್ ಹಿಲ್ ಎಂಬ ಎತ್ತರದ ಜಾಗವನ್ನು ಸ್ಥಳೀಯರು ಬಾವುಟಗುಡ್ಡೆ ಎನ್ನುತ್ತಾರೆ. ನಗರದ ವಿಹಂಗಮ ನೋಟವನ್ನು ಸೆರೆಹಿಡಿಯಲು ಛಾಯಾಗ್ರಾಹಕರಿಗೆ ಇಂತಹ ಗುಡ್ಡಗಳು ಅನುಕೂಲಕರ ಸ್ಥಾನಗಳಾಗಿದ್ದವು.

ಹಳೆಯ ಇಂಗ್ಲಿಷ್ ಬರಹಗಳಲ್ಲಿ ಈ ಹೆಸರಿನ ಮೊದಲ ಅಕ್ಷರವನ್ನು ‘ಕೆ’ ಬದಲು ‘ಸಿ’ ಬಳಸಿ ಬರೆಯುವ ರೂಢಿಯಿತ್ತು. ಇಲ್ಲಿನ ಮುದ್ರಣಾಲಯದ ಹೆಸರಿನಲ್ಲಿಯೂ ಇದೇ ಕಾಗುಣಿತವಿದೆ. ಗ್ರಂಥಾಲಯಗಳ ಮತ್ತು ಪತ್ರಾಗಾರಗಳ ಸೂಚಿಗಳಲ್ಲಿ ಹುಡುಕುವವರು ಎರಡೂ ರೂಪಗಳನ್ನು ಗಮನಿಸಬೇಕಾಗುತ್ತದೆ.

## ಹಿನ್ನೆಲೆ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶವು ಬ್ರಿಟಿಷರ ಆಡಳಿತಕ್ಕೆ ಸೇರಿತು. ಮುಂದೆ ಕೆನರಾ ಜಿಲ್ಲೆಯನ್ನು ಉತ್ತರ ಮತ್ತು ದಕ್ಷಿಣ ಎಂದು ವಿಭಜಿಸಲಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದರೆ, ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ದಕ್ಷಿಣ ಕೆನರಾ ಮದರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಇದೇ ವ್ಯವಸ್ಥೆ ಮುಂದುವರಿಯಿತು. ಈ ಕಾರಣದಿಂದ ಮಂಗಳೂರಿಗೆ ಸಂಬಂಧಿಸಿದ ಹಳೆಯ ಸರಕಾರಿ ಕಡತಗಳು, ನಕ್ಷೆಗಳು ಮತ್ತು ಚಿತ್ರಗಳನ್ನು ಮೈಸೂರು ಸಂಸ್ಥಾನದ ದಾಖಲೆಗಳಿಗಿಂತ ಹೆಚ್ಚಾಗಿ ಮದರಾಸಿನ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ.

ಮಂಗಳೂರು ಪುರಸಭೆಯು 1866ರಲ್ಲಿ ಅಸ್ತಿತ್ವಕ್ಕೆ ಬಂದಿತು. 1868ರಲ್ಲಿ ಹಂಪನಕಟ್ಟೆಯಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಇದು ಇಂದಿನ ವಿಶ್ವವಿದ್ಯಾನಿಲಯ ಕಾಲೇಜು. 1880ರಲ್ಲಿ ಜೆಸ್ವಿತ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಪ್ರೌಢಶಾಲೆಯನ್ನು ಸ್ಥಾಪಿಸಿದರು. 1907ರಲ್ಲಿ ಮಂಗಳೂರಿಗೆ ರೈಲು ಸಂಪರ್ಕ ದೊರೆಯಿತು. ಚಿತ್ರಗಳ ಕಾಲವನ್ನು ನಿರ್ಧರಿಸುವಾಗ ಈ ವರ್ಷಗಳು ಮೈಲುಗಲ್ಲುಗಳಂತೆ ನೆರವಾಗುತ್ತವೆ.

## ಛಾಯಾಚಿತ್ರಗಳು

### ಛಾಯಾಗ್ರಹಣದ ಆಗಮನ

1839ರಲ್ಲಿ ಯುರೋಪಿನಲ್ಲಿ ಪ್ರಕಟವಾದ ಛಾಯಾಗ್ರಹಣ ವಿಧಾನವು ಕೆಲವೇ ವರ್ಷಗಳಲ್ಲಿ ಭಾರತಕ್ಕೆ ಬಂದಿತು. ಮುಂಬಯಿಯಲ್ಲಿ 1854ರಲ್ಲಿ, ಮದರಾಸಿನಲ್ಲಿ 1856ರಲ್ಲಿ ಛಾಯಾಗ್ರಹಣ ಸಂಘಗಳು ಸ್ಥಾಪನೆಯಾದವು. ಆ ಕಾಲದ ಕ್ಯಾಮೆರಾಗಳು ಭಾರವಾಗಿದ್ದು, ಗಾಜಿನ ಫಲಕಗಳ ಮೇಲೆ ರಾಸಾಯನಿಕ ಲೇಪಿಸಿ ಚಿತ್ರ ತೆಗೆಯಬೇಕಾಗಿತ್ತು. ಬೆಳಕಿಗೆ ಒಡ್ಡುವ ಅವಧಿ ದೀರ್ಘವಾಗಿದ್ದುದರಿಂದ ಚಲಿಸುವ ಜನರು ಮತ್ತು ಗಾಡಿಗಳು ಮಸುಕಾಗುತ್ತಿದ್ದರು ಅಥವಾ ಕಾಣಿಸುತ್ತಲೇ ಇರಲಿಲ್ಲ. ಹಳೆಯ ಬೀದಿಯ ಚಿತ್ರಗಳು ನಿರ್ಜನವಾಗಿ ತೋರಲು ಇದೂ ಒಂದು ಕಾರಣ. ಆದ್ದರಿಂದ ಅಂತಹ ಚಿತ್ರವನ್ನು ನೋಡಿ ಆ ಬೀದಿಯಲ್ಲಿ ಜನಸಂಚಾರವಿರಲಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ.

1880ರ ದಶಕದಲ್ಲಿ ಸಿದ್ಧ ಒಣಫಲಕಗಳು ಬಳಕೆಗೆ ಬಂದ ಮೇಲೆ ಚಿತ್ರ ತೆಗೆಯುವುದು ಸುಲಭವಾಯಿತು. 1900ರಲ್ಲಿ ಮಾರುಕಟ್ಟೆಗೆ ಬಂದ ಕೊಡಾಕ್ ಸಂಸ್ಥೆಯ ‘ಬ್ರೌನಿ’ಯಂತಹ ಅಗ್ಗದ ಕ್ಯಾಮೆರಾಗಳಿಂದಾಗಿ ಹವ್ಯಾಸಿಗಳೂ ಚಿತ್ರ ತೆಗೆಯತೊಡಗಿದರು.

### ಬಾಸೆಲ್ ಮಿಶನ್ ಸಂಗ್ರಹ

ಮಂಗಳೂರಿನ ಹಳೆಯ ಛಾಯಾಚಿತ್ರಗಳ ಪ್ರಮುಖ ಆಕರ ಬಾಸೆಲ್ ಮಿಶನ್ ಸಂಸ್ಥೆಯ ಸಂಗ್ರಹ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೇಂದ್ರವಿದ್ದ ಈ ಸಂಸ್ಥೆಯ ಮೊದಲ ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೋಗ್ಲಿಂಗ್ ಸಂಪಾದಕತ್ವದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಇಲ್ಲಿಂದ ಪ್ರಕಟವಾಯಿತು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಹೊರಬಂದಿತು.

ಮಿಶನ್ ತನ್ನ ಕಾರ್ಯಚಟುವಟಿಕೆಗಳನ್ನು ಯುರೋಪಿನ ದಾನಿಗಳಿಗೆ ತಿಳಿಸಲು ಛಾಯಾಚಿತ್ರಗಳನ್ನು ಬಳಸಿಕೊಂಡಿತು. ಶಾಲೆ, ಚರ್ಚು, ಮುದ್ರಣಾಲಯ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು, ಪ್ರಚಾರಕರ ಕುಟುಂಬಗಳು ಈ ಚಿತ್ರಗಳ ಸಾಮಾನ್ಯ ವಸ್ತುಗಳಾಗಿವೆ. ಈಗ ಈ ಸಂಗ್ರಹವು ಬಾಸೆಲ್‌ನಲ್ಲಿ ‘ಮಿಶನ್ 21’ ಸಂಸ್ಥೆಯ ಪತ್ರಾಗಾರದಲ್ಲಿದ್ದು, ಸಾವಿರಾರು ಚಿತ್ರಗಳನ್ನು ಡಿಜಿಟಲೀಕರಿಸಿ ಅಂತರಜಾಲದಲ್ಲಿ ಒದಗಿಸಲಾಗಿದೆ. ಮಿಶನ್‌ನ ನೆಲೆ ಮುಖ್ಯವಾಗಿ ಬಲ್ಮಠ ಮತ್ತು ಜೆಪ್ಪು ಪ್ರದೇಶಗಳಲ್ಲಿದ್ದುದರಿಂದ, ಕೊಡಿಯಾಲ್‌ಬೈಲ್‌ನ ಅಧ್ಯಯನಕ್ಕೆ ಈ ಚಿತ್ರಗಳು ಹೆಚ್ಚಾಗಿ ಹೋಲಿಕೆಯ ಸಾಮಗ್ರಿಯಾಗಿ ಉಪಯುಕ್ತವಾಗಿವೆ. ಒಂದೇ ಕಾಲದ ಹೆಂಚು, ಗೋಡೆ, ಬೇಲಿ, ಉಡುಪು ಮತ್ತು ಗಾಡಿಗಳ ಸ್ವರೂಪವನ್ನು ಇವುಗಳಿಂದ ತಿಳಿಯಬಹುದು.

### ಜೆಸ್ವಿತ್ ಸಂಸ್ಥೆಗಳ ಚಿತ್ರಗಳು

ಜೆಸ್ವಿತ್ ಪಾದ್ರಿಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಇವರಲ್ಲಿ ಬಹುಪಾಲು ಮಂದಿ ಇಟಲಿಯ ಪ್ರಾಂತ್ಯಕ್ಕೆ ಸೇರಿದವರಾಗಿದ್ದುದರಿಂದ ಕೊಡಿಯಾಲ್‌ಬೈಲ್‌ನ ಕಥೆ ಬಾಸೆಲ್‌ನ ಜೊತೆಗೆ ಇಟಲಿಗೂ ಹೆಣೆದುಕೊಂಡಿದೆ. ಸಂತ ಅಲೋಶಿಯಸ್ ಕಾಲೇಜಿನ ‘ಮ್ಯಾಂಗಲೋರ್ ಮ್ಯಾಗಜಿನ್’ ಎಂಬ ಇಂಗ್ಲಿಷ್ ನಿಯತಕಾಲಿಕ 1897ರಲ್ಲಿ ಆರಂಭವಾಯಿತು. ಕಾಲೇಜಿನ ಸುದ್ದಿಗಳೊಂದಿಗೆ ಜಿಲ್ಲೆಯ ಇತಿಹಾಸ, ಸಮಾಜ ಮತ್ತು ಭಾಷೆಗಳ ಬಗೆಗಿನ ಲೇಖನಗಳು ಇದರಲ್ಲಿ ಪ್ರಕಟವಾಗುತ್ತಿದ್ದವು. ದಿನಾಂಕವಿರುವ ಇಂತಹ ಮುದ್ರಿತ ಆಕರಗಳು, ದಿನಾಂಕವಿಲ್ಲದ ಬಿಡಿ ಚಿತ್ರಗಳ ಕಾಲವನ್ನು ನಿರ್ಧರಿಸಲು ಸಹಾಯಕವಾಗಿವೆ.

### ಕುಟುಂಬ ಮತ್ತು ಶಾಲಾ ಚಿತ್ರಗಳು

ಸಂಸ್ಥೆಗಳ ಸಂಗ್ರಹದ ಹೊರಗೆ, ಮನೆಗಳ ಆಲ್ಬಮ್‌ಗಳಲ್ಲಿ ಮತ್ತು ಚಾವಡಿಯ ಗೋಡೆಗಳಲ್ಲಿ ಉಳಿದಿರುವ ಚಿತ್ರಗಳು ಮತ್ತೊಂದು ಮುಖ್ಯ ಆಕರ. ಮದುವೆ, ಶಾಲೆಯ ಬೀಳ್ಕೊಡುಗೆ, ಪಾದ್ರಿಪಟ್ಟದ ಸಮಾರಂಭ, ಕಚೇರಿ ಸಿಬ್ಬಂದಿಯ ವರ್ಗಾವಣೆ ಮುಂತಾದ ಸಂದರ್ಭಗಳಲ್ಲಿ ತೆಗೆಸಿದ ಗುಂಪು ಚಿತ್ರಗಳು ಇವುಗಳಲ್ಲಿ ಹೆಚ್ಚು. ಚಿತ್ರದಲ್ಲಿರುವ ವ್ಯಕ್ತಿಗಳು ಸಂಶೋಧಕರಿಗೆ ಪರಿಚಿತರಲ್ಲದಿದ್ದರೂ ಹಿನ್ನೆಲೆಯಲ್ಲಿ ಕಾಣುವ ಬಾಗಿಲು, ಕಂಬ, ಜಗಲಿ ಮತ್ತು ಅಂಗಳಗಳು ಕಟ್ಟಡದ ಇತಿಹಾಸಕ್ಕೆ ಬೆಲೆಬಾಳುವ ಮಾಹಿತಿ ನೀಡುತ್ತವೆ.

## ಚಿತ್ರ ಪೋಸ್ಟ್‌ಕಾರ್ಡ್‌ಗಳು

ಭಾರತದಲ್ಲಿ ಸರಕಾರಿ ಅಂಚೆ ಕಾರ್ಡು 1879ರ ಜುಲೈ 1ರಂದು ಬಳಕೆಗೆ ಬಂದಿತು. ಒಳನಾಡಿನ ಕಾರ್ಡಿನ ಬೆಲೆ ಕಾಲಾಣೆಯಾಗಿತ್ತು. 19ನೆಯ ಶತಮಾನದ ಕೊನೆಯ ವರ್ಷಗಳಿಂದ ಖಾಸಗಿ ಪ್ರಕಾಶಕರ ಚಿತ್ರ ಪೋಸ್ಟ್‌ಕಾರ್ಡ್‌ಗಳು ಜನಪ್ರಿಯವಾದವು. ಮದರಾಸು ಪ್ರಾಂತ್ಯದಲ್ಲಿ ಹಿಗ್ಗಿನ್‌ಬಾಥಮ್ಸ್‌ನಂತಹ ಪುಸ್ತಕ ಮಳಿಗೆಗಳು ಚಿತ್ರ ಪೋಸ್ಟ್‌ಕಾರ್ಡ್‌ಗಳನ್ನು ಪ್ರಕಟಿಸಿ ಮಾರುತ್ತಿದ್ದವು. ಈ ಕಾಲದ ಅನೇಕ ಕಾರ್ಡುಗಳ ಮುದ್ರಣ ಜರ್ಮನಿಯಲ್ಲಿ ನಡೆಯುತ್ತಿತ್ತು. ಕೆಲವು ಕಾರ್ಡುಗಳು ನೇರವಾಗಿ ಛಾಯಾಚಿತ್ರ ಕಾಗದದ ಮೇಲೆಯೇ ಮೂಡಿದವುಗಳಾದರೆ, ಉಳಿದವು ಅಚ್ಚಿನ ಯಂತ್ರದಲ್ಲಿ ಮುದ್ರಿತವಾದವು. ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬಿದ ಕಾರ್ಡುಗಳೂ ಇವೆ. ಬಣ್ಣ ತುಂಬಿದವರು ಸ್ಥಳವನ್ನು ನೋಡಿರದ ಕುಶಲಕರ್ಮಿಗಳಾಗಿರುತ್ತಿದ್ದುದರಿಂದ, ಗೋಡೆ ಅಥವಾ ಉಡುಪಿನ ಬಣ್ಣಕ್ಕೆ ಇಂತಹ ಕಾರ್ಡುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ.

ಪೋಸ್ಟ್‌ಕಾರ್ಡ್‌ನ ಹಿಂಬದಿಯು ಮುಂಬದಿಯಷ್ಟೇ ಮುಖ್ಯವಾದುದು. ಅದರಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

* ವಿಂಗಡಣೆ: ಆರಂಭಿಕ ಕಾರ್ಡುಗಳ ಹಿಂಬದಿಯಲ್ಲಿ ವಿಳಾಸವನ್ನು ಮಾತ್ರ ಬರೆಯಲು ಅವಕಾಶವಿತ್ತು. ಸಂದೇಶವನ್ನು ಚಿತ್ರದ ಅಂಚಿನಲ್ಲಿ ಬರೆಯಬೇಕಾಗಿತ್ತು. 1902ರಲ್ಲಿ ಬ್ರಿಟನ್ ಹಿಂಬದಿಯನ್ನು ಎರಡು ಭಾಗಗಳಾಗಿ ವಿಂಗಡಿಸಲು ಅನುಮತಿ ನೀಡಿತು. ಮುಂದಿನ ಕೆಲವು ವರ್ಷಗಳಲ್ಲಿ ಈ ಪದ್ಧತಿ ಇತರೆಡೆಗೂ ಹರಡಿತು.
* ಅಂಚೆಚೀಟಿ: ಏಳನೆಯ ಎಡ್ವರ್ಡ್‌ನ ಚಿತ್ರವಿರುವ ಭಾರತೀಯ ಅಂಚೆಚೀಟಿಗಳು 1902ರಿಂದ, ಐದನೆಯ ಜಾರ್ಜ್‌ನವು 1911ರಿಂದ, ಆರನೆಯ ಜಾರ್ಜ್‌ನವು 1937ರಿಂದ ಬಳಕೆಗೆ ಬಂದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದ ಮೇಲೆ ಆಣೆಗಳ ಬದಲು ನಯೇ ಪೈಸೆಯ ಚೀಟಿಗಳು ಬಂದವು.
* ಅಂಚೆ ಮೊಹರು: ಮೊಹರಿನ ದಿನಾಂಕವು ಕಾರ್ಡನ್ನು ಅಂಚೆಗೆ ಹಾಕಿದ ದಿನವನ್ನು ತಿಳಿಸುತ್ತದೆ, ಚಿತ್ರ ತೆಗೆದ ದಿನವನ್ನಲ್ಲ. ಒಂದೇ ಚಿತ್ರದ ಕಾರ್ಡುಗಳು ಹಲವು ವರ್ಷ ಮಾರಾಟದಲ್ಲಿರುತ್ತಿದ್ದುದರಿಂದ ಚಿತ್ರವು ಆ ದಿನಾಂಕಕ್ಕಿಂತ ಎಷ್ಟೋ ಹಳೆಯದಾಗಿರಬಹುದು.
* ಶೀರ್ಷಿಕೆ: ಮುದ್ರಿತ ಶೀರ್ಷಿಕೆಯು ಯಾವಾಗಲೂ ನಂಬಲರ್ಹವಲ್ಲ. ದೂರದ ಮುದ್ರಣಾಲಯಗಳಲ್ಲಿ ಊರಿನ ಹೆಸರು ತಪ್ಪುವುದು, ಒಂದೇ ತೆಂಗಿನ ತೋಟದ ಚಿತ್ರ ಬೇರೆ ಬೇರೆ ಊರುಗಳ ಹೆಸರಿನಲ್ಲಿ ಪ್ರಕಟವಾಗುವುದು ಆ ಕಾಲದ ಕಾರ್ಡುಗಳಲ್ಲಿ ಸಾಮಾನ್ಯವಾಗಿತ್ತು.

## ಐತಿಹಾಸಿಕ ಕಟ್ಟಡಗಳು

### ಸಂತ ಅಲೋಶಿಯಸ್ ಕಾಲೇಜು ಮತ್ತು ಪ್ರಾರ್ಥನಾ ಮಂದಿರ

ಸಂತ ಅಲೋಶಿಯಸ್ ಕಾಲೇಜು 1880ರ ಜನವರಿಯಲ್ಲಿ ಕೊಡಿಯಾಲ್‌ಬೈಲ್‌ನ ಮನೆಯೊಂದರಲ್ಲಿ ಆರಂಭವಾಯಿತು. ಅನಂತರ ಲೋಬೊ ಪ್ರಭು ಅವರು ದಾನವಾಗಿ ನೀಡಿದ ಗುಡ್ಡದ ಮೇಲಿನ ಜಾಗದಲ್ಲಿ ಹೊಸ ಕಟ್ಟಡ ನಿರ್ಮಾಣವಾಗಿ, 1880ರ ದಶಕದ ಮಧ್ಯಭಾಗದಲ್ಲಿ ಕಾಲೇಜು ಅಲ್ಲಿಗೆ ಸ್ಥಳಾಂತರಗೊಂಡಿತು. ಬೈಲಿನಿಂದ ಗುಡ್ಡಕ್ಕೆ ನಡೆದ ಈ ಸ್ಥಳಾಂತರದಿಂದಾಗಿ ಕಾಲೇಜಿನ ಕಟ್ಟಡವು ನಗರದ ಅನೇಕ ಕಡೆಗಳಿಂದ ಕಾಣುವ ಹೆಗ್ಗುರುತಾಯಿತು.

ಇದೇ ಆವರಣದಲ್ಲಿರುವ ಪ್ರಾರ್ಥನಾ ಮಂದಿರ 1880ರ ದಶಕದ ನಿರ್ಮಾಣ. ಇಟಲಿಯ ಬೆರ್ಗಾಮೊ ಸಮೀಪದ ಸ್ಟೆಜಾನೊದಲ್ಲಿ 1854ರಲ್ಲಿ ಜನಿಸಿದ ಕಲಾವಿದ, ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೆನಿ ಅವರು 1899ರಿಂದ ಸುಮಾರು ಎರಡು ವರ್ಷಗಳ ಕಾಲ ದುಡಿದು ಇದರ ಒಳಭಾಗವನ್ನು ಚಿತ್ರಗಳಿಂದ ಅಲಂಕರಿಸಿದರು. ಗೋಡೆಗಳಲ್ಲಿ ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ವಿಧಾನವನ್ನೂ, ಛಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ತೈಲವರ್ಣವನ್ನೂ ಅವರು ಬಳಸಿದರು. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಕರಾವಳಿಯ ತೇವಾಂಶದಿಂದ ಹಾನಿಗೊಂಡಿದ್ದ ಈ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಭಾರತೀಯ ರಾಷ್ಟ್ರೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆ ನ್ಯಾಸದ (ಇಂಟ್ಯಾಕ್) ತಜ್ಞರು ಸಂರಕ್ಷಿಸಿದರು.

ಕಾಲೇಜಿನ ವಸ್ತುಸಂಗ್ರಹಾಲಯವಾದ ‘ಅಲೋಶಿಯಂ’ 1913ರಲ್ಲಿ ಪಾದ್ರಿ ಕಿಯಾಪ್ಪಿ ಅವರ ಸಂಗ್ರಹದಿಂದ ಆರಂಭವಾಯಿತು. ನಾಣ್ಯ, ಖನಿಜ, ಹಳೆಯ ಉಪಕರಣಗಳು ಮತ್ತು ಒಂದು ಹಳೆಯ ಕಾರು ಇಲ್ಲಿನ ಸಂಗ್ರಹದಲ್ಲಿವೆ.

### ಕೊಡಿಯಾಲ್‌ಬೈಲ್ ಮುದ್ರಣಾಲಯ ಮತ್ತು ಬಿಷಪರ ನಿವಾಸ

ಮಂಗಳೂರು ಧರ್ಮಪ್ರಾಂತ್ಯದ ಬಿಷಪರ ನಿವಾಸ ಕೊಡಿಯಾಲ್‌ಬೈಲ್‌ನಲ್ಲಿದೆ. ಇಲ್ಲಿನ ಕೊಡಿಯಾಲ್‌ಬೈಲ್ ಪ್ರೆಸ್ 1882ರಲ್ಲಿ ಜೆಸ್ವಿತರಿಂದ ಸ್ಥಾಪಿತವಾಯಿತು. ಜೆ. ಮೂರ್ ಅವರು ಬರೆದ ಮಂಗಳೂರು ಧರ್ಮಪ್ರಾಂತ್ಯದ ಇತಿಹಾಸ 1905ರಲ್ಲಿ ಈ ಮುದ್ರಣಾಲಯದಿಂದ ಪ್ರಕಟವಾಯಿತು. ಬಲ್ಮಠದ ಬಾಸೆಲ್ ಮಿಶನ್ ಮುದ್ರಣಾಲಯದೊಂದಿಗೆ ಈ ಮುದ್ರಣಾಲಯವನ್ನೂ ಸೇರಿಸಿ ನೋಡಿದಾಗ, ಪುಟ್ಟ ನಗರವೊಂದು ಬಹುಭಾಷೆಗಳ ಮುದ್ರಣ ಕೇಂದ್ರವಾಗಿ ಬೆಳೆದುದು ತಿಳಿಯುತ್ತದೆ. ಪತ್ರಿಕೋದ್ಯಮದ ನಂಟು ಮುಂದೆಯೂ ಉಳಿಯಿತು. ವಿ. ಎಸ್. ಕುಡ್ವ ಅವರು 1941ರಲ್ಲಿ ಆರಂಭಿಸಿದ ‘ನವಭಾರತ’ ಕನ್ನಡ ದಿನಪತ್ರಿಕೆಯ ಹೆಸರು ಇಲ್ಲಿನ ನವಭಾರತ ವೃತ್ತದಲ್ಲಿ ಇಂದಿಗೂ ಕೇಳಿಬರುತ್ತದೆ.

### ಶಾಲೆಗಳು ಮತ್ತು ಸಾರ್ವಜನಿಕ ಕಟ್ಟಡಗಳು

ಆ್ಯನಿ ಬೆಸೆಂಟ್ ಅವರ ಹೆಸರನ್ನು ಹೊತ್ತ ಬಾಲಕಿಯರ ರಾಷ್ಟ್ರೀಯ ಶಾಲೆ 1918ರಲ್ಲಿ ಸ್ಥಾಪನೆಯಾಯಿತು. ಸಮೀಪದ ಡೊಂಗರಕೇರಿಯಲ್ಲಿ ಕೆನರಾ ಪ್ರೌಢಶಾಲೆಯಿದ್ದು, ಅದೇ ಸಂಸ್ಥೆಯ ಬಾಲಕಿಯರ ಶಾಲೆ 1894ರಷ್ಟು ಹಳೆಯದು. ಹೆಣ್ಣುಮಕ್ಕಳ ಶಿಕ್ಷಣದ ಇತಿಹಾಸಕ್ಕೆ ಇಂತಹ ಶಾಲೆಗಳ ವಾರ್ಷಿಕ ಗುಂಪು ಚಿತ್ರಗಳು ವಿಶೇಷ ಆಕರಗಳಾಗಬಲ್ಲವು. ವರ್ಷದಿಂದ ವರ್ಷಕ್ಕೆ ತರಗತಿಯ ಗಾತ್ರ, ವಿದ್ಯಾರ್ಥಿನಿಯರ ವಯಸ್ಸು ಮತ್ತು ಉಡುಪುಗಳಲ್ಲಿ ಆದ ಬದಲಾವಣೆಯನ್ನು ಅವುಗಳಲ್ಲಿ ಎಣಿಸಿ ನೋಡಬಹುದು. ಜಿಲ್ಲಾ ಕಾರಾಗೃಹವೂ ಕೊಡಿಯಾಲ್‌ಬೈಲ್‌ನ ಹಳೆಯ ಸರಕಾರಿ ಸಂಸ್ಥೆಗಳಲ್ಲಿ ಒಂದಾಗಿದೆ.

### ಗುತ್ತಿನ ಮನೆ ಮತ್ತು ಹೆಂಚಿನ ಮನೆಗಳು

ತುಳುನಾಡಿನಲ್ಲಿ ಭೂಹಿಡುವಳಿ ಹಾಗೂ ದೈವಾರಾಧನೆಯ ಹೊಣೆಗಾರಿಕೆ ಹೊಂದಿದ್ದ ಪ್ರಮುಖ ಬಂಟ ಮನೆತನಗಳ ಮನೆಗಳನ್ನು ಗುತ್ತು ಎಂದು ಕರೆಯುವುದುಂಟು. ಬಲ್ಲಾಳ್‌ಬಾಗ್ ಸಮೀಪದ ಕೊಡಿಯಾಲ್‌ಗುತ್ತು ಇಂತಹ ಮನೆತನವೊಂದರ ನೆಲೆ. ಇಲ್ಲಿನ ಹಳೆಯ ಮನೆಯೊಂದರಲ್ಲಿ ಇಂಟ್ಯಾಕ್ ಸಂಸ್ಥೆಯ ಮಂಗಳೂರು ಘಟಕವು ‘ಕೊಡಿಯಾಲ್‌ಗುತ್ತು ಕಲೆ ಮತ್ತು ಸಂಸ್ಕೃತಿ ಕೇಂದ್ರ’ವನ್ನು ನಡೆಸುತ್ತಿದೆ. ಹಳೆಯ ವಾಸದ ಮನೆಯನ್ನು ಕೆಡವದೆ ಹೊಸ ಉಪಯೋಗಕ್ಕೆ ಒಳಪಡಿಸಿದುದಕ್ಕೆ ಇದು ಉದಾಹರಣೆಯಾಗಿದೆ.

ಈ ಪ್ರದೇಶದ ಹಳೆಯ ಮನೆಗಳಿಗೆ ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಇಳಿಜಾರಾದ ಹೆಂಚಿನ ಮಾಡು, ಮುಂದೆ ಜಗಲಿ ಅಥವಾ ಚಾವಡಿ ಇರುತ್ತಿದ್ದವು. ಮಳೆನೀರು ಗೋಡೆಗೆ ತಾಗದಂತೆ ಮಾಡನ್ನು ಮುಂದಕ್ಕೆ ಚಾಚಲಾಗುತ್ತಿತ್ತು. ಗಾಳಿಯಾಡಲು ಮರದ ಜಾಲರಿಗಳನ್ನು ಅಳವಡಿಸಲಾಗುತ್ತಿತ್ತು. ಹೆಂಚು ಬರುವುದಕ್ಕೆ ಮೊದಲು ಸಾಮಾನ್ಯ ಮನೆಗಳ ಮಾಡಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲನ್ನು ಹೊದಿಸುವುದು ರೂಢಿಯಲ್ಲಿತ್ತು. ಮಾಡಿನ ಹೊದಿಕೆ ಯಾವುದೆಂಬುದು ಹಳೆಯ ಚಿತ್ರದಲ್ಲಿ ಸುಲಭವಾಗಿ ಗುರುತಿಸಬಹುದಾದ ಲಕ್ಷಣವಾಗಿದೆ.

## ಕಾಲ ಮತ್ತು ಸ್ಥಳದ ನಿರ್ಣಯ

### ಹೆಂಚಿನ ಮೇಲಿನ ವರ್ಷ

ಜಾರ್ಜ್ ಪ್ಲೆಬ್ಸ್ಟ್ ಅವರ ಪ್ರಯತ್ನದಿಂದ ಬಾಸೆಲ್ ಮಿಶನ್ 1865ರಲ್ಲಿ ನೇತ್ರಾವತಿ ನದಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಈ ಕಾರ್ಖಾನೆಯ ಹೆಂಚುಗಳ ಮೇಲೆ ಸಂಸ್ಥೆಯ ಹೆಸರಿನೊಂದಿಗೆ ‘1865’ ಎಂಬ ವರ್ಷ ಅಚ್ಚಾಗಿರುವುದುಂಟು. ಅದನ್ನು ನೋಡಿ ಮನೆಯೇ 1865ರಲ್ಲಿ ಕಟ್ಟಲ್ಪಟ್ಟಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಅದು ಕಾರ್ಖಾನೆಯ ಸ್ಥಾಪನೆಯ ವರ್ಷವೇ ಹೊರತು ಹೆಂಚು ತಯಾರಾದ ವರ್ಷವಲ್ಲ. ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಮಿಶನ್‌ನ ಕಾರ್ಖಾನೆಗಳು ‘ಕಾಮನ್‌ವೆಲ್ತ್ ಟ್ರಸ್ಟ್’ ಸಂಸ್ಥೆಯ ಕೈಸೇರಿದವು. ಆದ್ದರಿಂದ ಆ ಸಂಸ್ಥೆಯ ಮುದ್ರೆಯಿರುವ ಹೆಂಚು ಯುದ್ಧಾನಂತರದ್ದು. ಹೆಂಚು ಬದಲಾಯಿಸಬಹುದಾದ ವಸ್ತುವಾಗಿರುವುದರಿಂದ ಅದು ಮಾಡಿನ ಕಾಲವನ್ನು ಮಾತ್ರ ಸೂಚಿಸುತ್ತದೆ. ಗೋಡೆಯು ಅದಕ್ಕಿಂತ ಹಳೆಯದಾಗಿರಬಹುದು. ಬೇರೆಡೆಯಿಂದ ತಂದ ಹಳೆಯ ಹೆಂಚನ್ನು ಹೊದಿಸಿದ್ದರೆ ಹೊಸದೂ ಆಗಿರಬಹುದು.

### ಹೆಗ್ಗುರುತುಗಳು

ಚಿತ್ರದಲ್ಲಿ ಕಾಣುವ ಅಥವಾ ಕಾಣದಿರುವ ಕಟ್ಟಡಗಳಿಂದ ಅದರ ಕಾಲವನ್ನು ಎರಡು ಮಿತಿಗಳೊಳಗೆ ತರಬಹುದು. ರೊಸಾರಿಯೊ ಕ್ಯಾಥೆಡ್ರಲ್ ಮತ್ತು ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚುಗಳ ಮೂಲ ಕ್ರಮವಾಗಿ 1568 ಮತ್ತು 1680ಕ್ಕೆ ಹೋಗುತ್ತದೆಯಾದರೂ, ಈಗಿನ ಕಟ್ಟಡಗಳು 1910ರ ಆಸುಪಾಸಿನವು. ಮಿಲಾಗ್ರಿಸ್‌ನ ಈಗಿನ ಕಟ್ಟಡ 1911ರದು. ಚಿತ್ರದಲ್ಲಿ ಈ ಕಟ್ಟಡ ಕಂಡರೆ ಅದು 1911ಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ. ಮಂಗಳೂರಿನ ರೈಲು ನಿಲ್ದಾಣ ಕಂಡರೆ ಚಿತ್ರ 1907ಕ್ಕಿಂತ ಹಿಂದಿನದಲ್ಲ.

### ರಸ್ತೆಗಳ ಹೆಸರು

ಹಂಪನಕಟ್ಟೆಯನ್ನು ಕೊಡಿಯಾಲ್‌ಬೈಲ್ ಕಡೆಗೆ ಜೋಡಿಸುವ ರಸ್ತೆಗೆ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವ ರಾವ್ (1881–1937) ಅವರ ಹೆಸರಿಡಲಾಗಿದೆ. ಮುಂದಿನ ಮುಖ್ಯ ರಸ್ತೆ ಮಹಾತ್ಮ ಗಾಂಧಿ ರಸ್ತೆ. ಸೆಂಟ್ರಲ್ ಮೈದಾನವು ಅನಂತರ ನೆಹರೂ ಮೈದಾನವಾಯಿತು. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಇಂಗ್ಲಿಷ್ ಹೆಸರನ್ನೂ ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ‘ಮಂಗಳೂರು’ ಎಂದು ಬದಲಾಯಿಸಲಾಯಿತು. ಚಿತ್ರದ ಶೀರ್ಷಿಕೆಯಲ್ಲಿ ಬಳಸಿದ ಹೆಸರು ಶೀರ್ಷಿಕೆ ಬರೆದ ಕಾಲವನ್ನು ಸೂಚಿಸುತ್ತದೆ. ಹಳೆಯ ಚಿತ್ರಕ್ಕೆ ಮುಂದೆ ಯಾರೋ ಹೊಸ ಹೆಸರಿನ ಶೀರ್ಷಿಕೆ ಸೇರಿಸಿರುವ ಸಾಧ್ಯತೆಯನ್ನೂ ಗಮನಿಸಬೇಕು.

### ಮರುಛಾಯಾಗ್ರಹಣ

ಹಳೆಯ ಚಿತ್ರವನ್ನು ತೆಗೆದ ಸ್ಥಾನದಿಂದಲೇ ಮತ್ತೊಮ್ಮೆ ಚಿತ್ರ ತೆಗೆದು ಎರಡನ್ನೂ ಹೋಲಿಸುವುದು ಸ್ಥಳನಿರ್ಣಯದ ಒಂದು ವಿಧಾನ. ಗುಡ್ಡದ ಇಳಿಜಾರು, ಗೋಪುರದ ತುದಿ, ರಸ್ತೆಯ ತಿರುವುಗಳಂತಹ ಸುಲಭವಾಗಿ ಬದಲಾಗದ ಅಂಶಗಳನ್ನು ಮೊದಲು ಹೊಂದಿಸಲಾಗುತ್ತದೆ. ಕೊಡಿಯಾಲ್‌ಬೈಲ್‌ನಂತಹ ತಗ್ಗು ಪ್ರದೇಶದಲ್ಲಿ ಎತ್ತರದ ಕಟ್ಟಡಗಳು ಗುಡ್ಡದ ರೇಖೆಯನ್ನು ಮರೆಮಾಡುವುದರಿಂದ ಈ ಕೆಲಸ ಕಠಿಣವಾಗಿದೆ.

## ಚಿತ್ರಗಳ ಮಿತಿಗಳು

ಉಳಿದಿರುವ ಚಿತ್ರಗಳು ನಗರದ ಎಲ್ಲರನ್ನೂ ಸಮಾನವಾಗಿ ಪ್ರತಿನಿಧಿಸುವುದಿಲ್ಲ. ಮಿಶನ್‌ಗಳು ತಮ್ಮ ಸಂಸ್ಥೆಗಳನ್ನು, ಪೋಸ್ಟ್‌ಕಾರ್ಡ್ ಪ್ರಕಾಶಕರು ಮಾರಾಟವಾಗಬಲ್ಲ ದೃಶ್ಯಗಳನ್ನು, ಸ್ಥಿತಿವಂತ ಕುಟುಂಬಗಳು ತಮ್ಮ ಸಮಾರಂಭಗಳನ್ನು ಚಿತ್ರಿಸಿಕೊಂಡವು. ಗದ್ದೆಯಲ್ಲಿ ದುಡಿದ ಒಕ್ಕಲುಗಳು, ಮುರಕಲ್ಲು ಕಡಿದವರು, ಹೆಂಚಿನ ಮಣ್ಣು ಹೊತ್ತ ಮಹಿಳೆಯರು ಚಿತ್ರಗಳಲ್ಲಿ ಕಾಣಿಸಿಕೊಂಡರೂ ಅವರ ವೃತ್ತಿ ಅಥವಾ ಜಾತಿಯನ್ನು ಮಾತ್ರ ಶೀರ್ಷಿಕೆಯಲ್ಲಿ ನಮೂದಿಸಿ ಹೆಸರನ್ನು ಬಿಡುವುದು ಆ ಕಾಲದ ಪದ್ಧತಿಯಾಗಿತ್ತು. ಅದೇ ಚಿತ್ರದಲ್ಲಿರುವ ಮೇಲ್ವಿಚಾರಕರ ಅಥವಾ ಪಾದ್ರಿಗಳ ಹೆಸರು ಮಾತ್ರ ದಾಖಲಾಗುತ್ತಿತ್ತು.

ಕುದ್ಮುಲ್ ರಂಗರಾವ್ (1859–1928) ಅವರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿ ದಲಿತರ ಶಿಕ್ಷಣ ಮತ್ತು ವಸತಿಗಾಗಿ ಶ್ರಮಿಸಿದ ನಗರವೂ ಇದೇ ಆಗಿದೆ. ಆ ಶಾಲೆಗಳಲ್ಲಿ ಕಲಿತವರ ಬದುಕನ್ನು ಕಾಲೇಜು ಮತ್ತು ಚರ್ಚುಗಳ ಚಿತ್ರಗಳಿಂದ ಮಾತ್ರ ತಿಳಿಯಲಾಗದು. ಈ ಕೊರತೆಯನ್ನು ತುಂಬಲು ಶಾಲಾ ದಾಖಲಾತಿ ಪುಸ್ತಕ, ಭೂದಾಖಲೆ ಮತ್ತು ಹಿರಿಯರ ಮೌಖಿಕ ಹೇಳಿಕೆಗಳನ್ನು ಚಿತ್ರಗಳ ಜೊತೆಗಿಟ್ಟು ಅಧ್ಯಯನ ಮಾಡಬೇಕಾಗುತ್ತದೆ. ಜೆ. ಸ್ಟರಕ್ ಅವರ 1894ರ ದಕ್ಷಿಣ ಕೆನರಾ ಜಿಲ್ಲಾ ಕೈಪಿಡಿ ಹಾಗೂ 1895ರಲ್ಲಿ ಎಚ್. ಎ. ಸ್ಟುವರ್ಟ್ ಅವರು ಹೊರತಂದ ಅದರ ಎರಡನೆಯ ಸಂಪುಟ ಆ ಕಾಲದ ಬೇಸಾಯ ಮತ್ತು ಸಮಾಜದ ಬಗೆಗಿನ ಮುದ್ರಿತ ಆಕರಗಳಾಗಿವೆ.

## ಬದಲಾವಣೆ ಮತ್ತು ಸಂರಕ್ಷಣೆ

20ನೆಯ ಶತಮಾನದ ಕೊನೆಯ ದಶಕಗಳಿಂದ ಕೊಡಿಯಾಲ್‌ಬೈಲ್ ಮತ್ತು ಮಹಾತ್ಮ ಗಾಂಧಿ ರಸ್ತೆಯ ಆಸುಪಾಸಿನಲ್ಲಿ ಮಾಲ್, ಸಭಾಭವನ, ಆಸ್ಪತ್ರೆ, ಬ್ಯಾಂಕ್ ಮತ್ತು ವಸತಿ ಸಮುಚ್ಚಯಗಳು ತಲೆಯೆತ್ತಿವೆ. ತೋಟ ಸಹಿತವಾದ ಹೆಂಚಿನ ಮನೆಗಳ ನಿರ್ವಹಣೆ ದುಬಾರಿಯಾಗಿರುವುದು, ಆಸ್ತಿಯು ಹಲವು ವಾರಸುದಾರರ ನಡುವೆ ಪಾಲಾಗುವುದು, ಕುಟುಂಬದ ಸದಸ್ಯರು ಮುಂಬಯಿ, ಕೊಲ್ಲಿ ರಾಷ್ಟ್ರಗಳು ಹಾಗೂ ಇತರೆಡೆಗಳಿಗೆ ವಲಸೆ ಹೋಗಿರುವುದು ಮತ್ತು ನಿವೇಶನಗಳ ಬೆಲೆಯೇರಿಕೆ ಈ ಬದಲಾವಣೆಗೆ ಕಾರಣಗಳಾಗಿವೆ. ಸ್ಮಾರಕವೆಂದು ಘೋಷಿತವಾದ ಕಟ್ಟಡಗಳಿಗೆ ಕಾನೂನಿನ ರಕ್ಷಣೆ ದೊರೆಯುತ್ತದೆ. ಖಾಸಗಿ ವಾಸದ ಮನೆಗಳ ಉಳಿವು ಮಾತ್ರ ಬಹುಮಟ್ಟಿಗೆ ಮಾಲೀಕರ ಇಚ್ಛೆಯನ್ನೇ ಅವಲಂಬಿಸಿದೆ. ಮನೆಯನ್ನು ಕೆಡವುವ ಸಂದರ್ಭದಲ್ಲಿ ಮರದ ಬಾಗಿಲು ಮತ್ತು ಕಂಬಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಸಿಗುತ್ತದೆ. ಅದೇ ಮನೆಯ ಆಲ್ಬಮ್, ಪತ್ರ ಮತ್ತು ಲೆಕ್ಕದ ಪುಸ್ತಕಗಳು ಗುಜರಿಗೆ ಸೇರುವುದು ಅಥವಾ ಸುಡಲ್ಪಡುವುದು ಹೆಚ್ಚು. ಹೀಗೆ ಕಟ್ಟಡ ಮತ್ತು ಅದರ ಚಿತ್ರದಾಖಲೆ ಎರಡೂ ಒಂದೇ ವೇಳೆ ನಾಶವಾಗುತ್ತವೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆ. ಗಾಳಿಯ ತೇವಾಂಶದಿಂದ ಛಾಯಾಚಿತ್ರಗಳಿಗೆ ಬೂಷ್ಟು ಹಿಡಿಯುವುದು, ಚಿತ್ರವು ಗಾಜಿಗೆ ಅಂಟಿಕೊಳ್ಳುವುದು ಮತ್ತು ಗೆದ್ದಲು ತಗುಲುವುದು ಇಲ್ಲಿನ ಸಾಮಾನ್ಯ ತೊಂದರೆಗಳು. ಚಿತ್ರಗಳನ್ನು ಉಳಿಸಿಕೊಳ್ಳಲು ಅನುಸರಿಸಬಹುದಾದ ಕ್ರಮಗಳು:

* ಚಿತ್ರಗಳನ್ನು ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ, ನೆಲದಿಂದ ಎತ್ತರದಲ್ಲಿ, ಹೊರಗೋಡೆಗೆ ತಾಗದಂತೆ ಇರಿಸುವುದು.
* ಚಿತ್ರವನ್ನು ಲ್ಯಾಮಿನೇಟ್ ಮಾಡದಿರುವುದು. ಅಂಟುಪಟ್ಟಿ ಹಾಗೂ ಗೋಂದನ್ನು ಬಳಸದಿರುವುದು.
* ಗಾಜಿಗೆ ಅಂಟಿದ ಚಿತ್ರವನ್ನು ಎಳೆದು ಬಿಡಿಸದೆ, ಗಾಜಿನ ಮೇಲಿನಿಂದಲೇ ಪ್ರತಿ ತೆಗೆದುಕೊಳ್ಳುವುದು.
* ಮುಂಬದಿ ಮತ್ತು ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡುವುದು. ಅಂಚು, ಸ್ಟುಡಿಯೋ ಮುದ್ರೆ ಮತ್ತು ಕೈಬರಹವನ್ನು ಕತ್ತರಿಸದಿರುವುದು.
* ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರಿಂದ ಹೆಸರು, ಸ್ಥಳ, ಸಂದರ್ಭಗಳನ್ನು ಕೇಳಿ, ಹೇಳಿದವರು ಮತ್ತು ಹೇಳಿದ ದಿನಾಂಕದೊಂದಿಗೆ ಪ್ರತ್ಯೇಕವಾಗಿ ಬರೆದಿಡುವುದು.
* ಚಿತ್ರದ ಪ್ರತಿಯ ಒಡೆತನವೂ ಅದರ ಕೃತಿಸ್ವಾಮ್ಯವೂ ಬೇರೆ ಬೇರೆಯಾಗಿರುವುದರಿಂದ, ಸಾರ್ವಜನಿಕವಾಗಿ ಪ್ರಕಟಿಸುವ ಮೊದಲು ಎರಡನ್ನೂ ಪರಿಶೀಲಿಸುವುದು.

ಸಾಮಾಜಿಕ ಜಾಲತಾಣಗಳಲ್ಲಿ ಹಳೆಯ ಮಂಗಳೂರಿನ ಚಿತ್ರಗಳು ವ್ಯಾಪಕವಾಗಿ ಹಂಚಿಕೆಯಾಗುತ್ತಿವೆ. ಇದರಿಂದ ಜನರಲ್ಲಿ ಆಸಕ್ತಿ ಹೆಚ್ಚಿದೆಯಾದರೂ, ಮೂಲ ಸಂಗ್ರಹದ ಹೆಸರು, ಹಿಂಬದಿಯ ಬರಹ ಮತ್ತು ದಿನಾಂಕಗಳು ಹಂಚಿಕೆಯ ಹಾದಿಯಲ್ಲಿ ಕಳೆದುಹೋಗುತ್ತವೆ. ಕಪ್ಪುಬಿಳುಪು ಚಿತ್ರಗಳಿಗೆ ಗಣಕಯಂತ್ರದ ಮೂಲಕ ಬಣ್ಣ ತುಂಬುವ ಇತ್ತೀಚಿನ ರೂಢಿಯು ಹಿಂದಿನ ಬಣ್ಣದ ಪೋಸ್ಟ್‌ಕಾರ್ಡ್‌ಗಳ ಸಮಸ್ಯೆಯನ್ನೇ ಮತ್ತೆ ತಂದಿದೆ. ಆದುದರಿಂದ ಬದಲಾವಣೆ ಮಾಡದ ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಅಗತ್ಯ.

## ವೀಕ್ಷಿಸಬಹುದಾದ ಸ್ಥಳಗಳು

* ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ ಮತ್ತು ಅಲೋಶಿಯಂ: ಲೈಟ್‌ಹೌಸ್ ಹಿಲ್ ಪ್ರದೇಶದಲ್ಲಿವೆ. ಮೊಸ್ಕೆನಿ ಅವರ ಚಿತ್ರಗಳನ್ನು ಅವು ರಚಿತವಾದ ಸ್ಥಳದಲ್ಲಿಯೇ ನೋಡಬಹುದು.
* ಕೊಡಿಯಾಲ್‌ಗುತ್ತು ಕಲೆ ಮತ್ತು ಸಂಸ್ಕೃತಿ ಕೇಂದ್ರ: ಬಲ್ಲಾಳ್‌ಬಾಗ್ ಸಮೀಪದಲ್ಲಿದೆ. ಹಳೆಯ ಮನೆಯ ವಿನ್ಯಾಸವನ್ನು ಒಳಗಿನಿಂದ ಗಮನಿಸಲು ಇಲ್ಲಿ ಅವಕಾಶವಿದೆ.
* ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ: ಬಿಜೈಯಲ್ಲಿದೆ. ಕರ್ನಲ್ ವಿ. ಆರ್. ಮಿರಾಜ್ಕರ್ ಅವರು ತಾಯಿಯ ನೆನಪಿಗಾಗಿ ದಾನ ಮಾಡಿದ ಹಡಗಿನಾಕಾರದ ಮನೆಯಲ್ಲಿ 1960ರಲ್ಲಿ ಆರಂಭವಾಯಿತು.
* ಬಲ್ಮಠದ ಬಾಸೆಲ್ ಮಿಶನ್ ಕಟ್ಟಡಗಳು: ಇಲ್ಲಿನ ಆವರಣದಲ್ಲಿ ಈಗ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಇದೆ.
* ಸುಲ್ತಾನ್ ಬತ್ತೇರಿ: ಬೋಳೂರಿನಲ್ಲಿದೆ. ಟಿಪ್ಪು ಸುಲ್ತಾನನ ಕಾಲದ ಈ ಕಾವಲು ಬುರುಜು ಕಪ್ಪು ಕಲ್ಲಿನಿಂದ ನಿರ್ಮಿತವಾಗಿದ್ದು, ಮುರಕಲ್ಲಿನ ಕಟ್ಟಡಗಳೊಂದಿಗೆ ಹೋಲಿಸಲು ಉಪಯುಕ್ತವಾಗಿದೆ.

## ಇವನ್ನೂ ನೋಡಿ

* ಮಂಗಳೂರು
* ದಕ್ಷಿಣ ಕನ್ನಡ
* ಬಾಸೆಲ್ ಮಿಶನ್
* ಮಂಗಳೂರು ಸಮಾಚಾರ
* ಮಂಗಳೂರು ಹೆಂಚು
* ಸಂತ ಅಲೋಶಿಯಸ್ ಕಾಲೇಜು
* ಕುದ್ಮುಲ್ ರಂಗರಾವ್